ಕೋಸಿನ ವಾಸನೆ

ನಮ್ಮ ಯಜಮಾನರಿಗೆ ವಾಸನೆ ತಿಳಿಯುವುದಿಲ್ಲ. ಡ್ರೈವರನಿಗೋ ದರ್ಜಿಗೋ ಮೂಗು ಹೋದರೆ ಊರಿಗೇನು ನಷ್ಟ? ಇವರು ಅಡುಗೆಯವರು. ಅದರಲ್ಲೂ ಚೈನೀಸ್ ಮಾಸ್ಟರ್. ಚೈನೀಸ್ ಎಂದರೆ ಚೀನಾದವರು ಉಣ್ಣುವ ಊಟವಲ್ಲ, ಅವರು ಕಂಡರೆ ಗುರುತೂ ಹಿಡಿಯಲಾರರು. ಹೂಕೋಸನ್ನು ಹಿಟ್ಟಿನಲ್ಲದ್ದಿ ಕರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸೋಯಾ ಸಾಸಿನಲ್ಲಿ ಹೊರಳಿಸಿ ಕೊಡುತ್ತಾರಲ್ಲ, ನಮ್ಮವರ ನಾಲಿಗೆಗೆಂದೇ ಹುಟ್ಟಿದ ಆ ಚೈನೀಸ್. ಈ ಮಹಾನಗರದಲ್ಲಿ ಅದನ್ನು ನಮ್ಮ ಯಜಮಾನರ ಹಾಗೆ ಮಾಡುವವರು ಇಲ್ಲವೆಂದು ಅದೇ ಕೆಲಸದವರೇ ಒಪ್ಪಿಕೊಂಡಿದ್ದರು. ಹೆಂಡತಿ ಎಂದು ಹೊಗಳುತ್ತಿಲ್ಲ. ಹೊಗಳುವ ಚಾಳಿ ನನಗಿಲ್ಲ, ಬೇಕಾದರೆ ಅವರನ್ನೇ ಕೇಳಿ.

ಹೋದ ವರ್ಷ ಅವರಿಗೊಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನನಗೆ ಗೊತ್ತಾದದ್ದು ಹಾಲಿನಿಂದ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಪಾತ್ರೆಯ ತಳ ಕರಕಲಾಗಿ ಮನೆಯೆಲ್ಲ ನಾರುತ್ತಿತ್ತು. ಇವರು ಒಲೆಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ನಿಶ್ಚಿಂತೆಯಿಂದ ಉಗುರು ಕತ್ತರಿಸಿಕೊಳ್ಳುತ್ತಿದ್ದರು. "ಏನ್ರೀ ಇದು, ಮೂಗೇನು ಅಡ ಇಟ್ಟಿದೀರಾ?" ಎಂದು ಕೂಗಾಡಿದೆ. ಅವರು ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಬಾಗಿಲು ಹಾಕು" ಎಂದರು. ಹಾಕಿ ಬಂದ ಮೇಲೆ ಹೇಳಿದರು, ಜ್ವರ ಬಿಟ್ಟಾಗಿನಿಂದ ಏನೂ ವಾಸನೆ ಬರುತ್ತಿಲ್ಲವೆಂದು.

ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಉಳಿದದ್ದೆಲ್ಲ ಬರೀ ಬಿಸಿ ಅಥವಾ ಬರೀ ತಣ್ಣಗೆ. ಡಾಕ್ಟರ ಹತ್ತಿರ ಹೋದೆವು. ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ಇಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೇ? ನಮ್ಮ ಎದುರುಮನೆಯ ಅಜ್ಜಿಯೂ ಹೇಳುತ್ತಿದ್ದರು.

ಹಳೆಯ ಹೋಟೆಲಿನಲ್ಲಿ ಯಾರಿಗಾದರೂ ತಿಳಿಯುವ ಮೊದಲೇ ಸೊಂಟನೋವು ಎಂದು ಹೇಳಿ ಕೆಲಸ ಬಿಟ್ಟರು. ಮನೆಯಲ್ಲಿ ಕೂತರು. ಕೂತವರು ಕಿಟಕಿ ನೋಡುತ್ತಾ ಕೂತೇಬಿಟ್ಟರು. ಇನ್ನೊಂದು ಕೆಲಸ ಮಾಡಬಹುದಲ್ಲ ಎಂದು ಒಮ್ಮೆ ಹೇಳಿ ನೋಡಿದೆ.

"ಮೂಗಿಲ್ಲದ ಮಾಸ್ಟರ್ ಅಂದ್ರೆ ಏನು ಗೊತ್ತೇನೇ?" ಎಂದರು. "ತಟ್ಟೆ ತೊಳಿಯೋಕೆ ಹಾಕ್ತಾರೆ. ಅದಕ್ಕೂ ವಯಸ್ಸಿನ ಹುಡುಗರು ಸಿಗ್ತಾರೆ. ನನಗೆ ಬೇರೆ ಏನೂ ಬರಲ್ಲ. ಇದು ಹೋದ್ರೆ ನಾನು ಯಾರು ಹೇಳು?"

ಸರಿಯಾಗಿ ಅದೇ ಹೊತ್ತಿಗೆ ಓನರ್ ಬಂದರು.

ನಾವು ಅವರನ್ನು ಓನರ್ ಎಂದೇ ಕರೆಯುತ್ತಿದ್ದೆವು. ಟೈರ್ ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿದವರು, ನಮಗಿಂತ ಚಿಕ್ಕವರು, ತಿನ್ನುವ ಹುಚ್ಚು ಹತ್ತಿದವರು. ಒಂದೇ ಸೂರಿನಡಿ ನಮ್ಮ ದೇಶದ ಬೇರೆ ಬೇರೆ ಸೀಮೆಗಳ ಊಟ ಒಂದು ಕಡೆ, ಚೈನೀಸ್ ಇನ್ನೊಂದು ಕಡೆ, ಹೀಗೊಂದು ದೊಡ್ಡ ಹೋಟೆಲು ತೆರೆಯಬೇಕೆಂದು ಹೊರಟಿದ್ದರು. ಅಡುಗೆಮನೆಯ ಯಜಮಾನಿಕೆ ನಮ್ಮವರಿಗೇ ಎಂದು ಮನೆಯ ಬಾಗಿಲಿಗೇ ಬಂದು ಕೂತರು. ಮೊದಲು ಇಬ್ಬರೂ ಊರು ಸುತ್ತಬೇಕು, ಎಲ್ಲೆಲ್ಲಿ ಒಳ್ಳೆಯ ಊಟ ಇದೆಯೋ ಹುಡುಕಿ ತಿನ್ನಬೇಕು, ತಿಂದು ಏನು ಹಾಕಿದ್ದಾರೆ ಎಂದು ಮಾಸ್ಟರ್ ಹೇಳಬೇಕು. ಇದು ಅವರ ಯೋಜನೆ.

ನಮ್ಮವರ ಮುಖ ಸುಣ್ಣವಾಯಿತು. ಆದರೂ ಬಾಯಲ್ಲಿ ಬಂದದ್ದು ಬೇರೆಯೇ. "ಆಗ್ಲಿ ಸಾರ್. ಆದ್ರೆ ಇವಳೂ ಬರ್ತಾಳೆ. ಇವಳನ್ನ ಬಿಟ್ಟು ಹೊರಗೆ ತಿಂದ್ರೆ ಮನೇಲಿ ಯುದ್ಧ."

ಓನರ್ ನಕ್ಕು, "ಬರ್ಲಿ ಬರ್ಲಿ, ಅಕ್ಕಾವ್ರಿಲ್ದೆ ಏನು ಮಜಾ" ಎಂದರು. ಹೀಗೆ ನಾನು ನಮ್ಮವರ ಮೂಗಾದೆ.

ಭಾನುವಾರ ಮಧ್ಯಾಹ್ನ ಓನರ್ ಕಾರು ತರುತ್ತಿದ್ದರು. ದೊಡ್ಡ ದೊಡ್ಡ ಬೋರ್ಡಿನ ಜಾಗಗಳಲ್ಲ. ಓನರಿಗೆ ಬೇಕಿದ್ದದ್ದು ಗಲ್ಲಿಯೊಳಗಿನವು. ಲಾಂಡ್ರಿಯ ಮೇಲಿನ ಮಹಡಿಯಲ್ಲಿ, ಮೆಟ್ಟಿಲಿನ ತುಂಬ ಈರುಳ್ಳಿ ಚೀಲ ಇಟ್ಟುಕೊಂಡು ಅಣ್ಣ ತಮ್ಮ ನಡೆಸುವ ಬಡಗಣ ಸೀಮೆಯ ಊಟದ ಮನೆ. ಬಸ್ ಡಿಪೋದ ಹಿಂದೆ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿ ಮೀನು ಸಾರು ಬಡಿಸುವ ಕರಾವಳಿಯ ಹೆಂಗಸು. ಆಕೆಯ ಸೊಸೆ ಅಲ್ಲೇ ಮಂಚದ ಮೇಲೆ ಮಗುವಿಗೆ ಬಟ್ಟೆ ಬದಲಿಸುತ್ತಿದ್ದಳು. ಚಿತ್ರಮಂದಿರದ ಪಕ್ಕದ ಸಂದಿಯಲ್ಲಿ, ಕೆಂಪು ಕಾಗದದ ದೀಪ ತೂಗುಹಾಕಿದ ಚೈನೀಸ್ ಅಂಗಡಿ. ಬೇರೆ ಹೊತ್ತಿನಲ್ಲಿ ಯಾರಾದರೂ ನನ್ನನ್ನು ಹೀಗೆ ಕಾರಿನಲ್ಲಿ ಕೂರಿಸಿ ತಿನ್ನಿಸಲು ಕರೆದೊಯ್ದಿದ್ದರೆ ಕುಣಿದಾಡುತ್ತಿದ್ದೆ. ಆಗ ಮಾತ್ರ ತಟ್ಟೆಗಿಂತ ಹೆಚ್ಚಾಗಿ ಓನರ್ ಮುಖವನ್ನೇ ನೋಡುತ್ತಿದ್ದೆ.

ನಮ್ಮ ಉಪಾಯ ಸರಳ. ನಾನು ಮೊದಲು ತಿಂದು ಗೊಣಗಬೇಕು. ಗೊಣಗುವುದು ನನಗೇನು ಹೊಸದೇ? "ಥೂ, ಬೆಳ್ಳುಳ್ಳಿ ಕರಕಲು ವಾಸನೆ ಹೊಡಿತಿದೆ ಕಣ್ರೀ" ಎನ್ನುತ್ತಿದ್ದೆ. ನಮ್ಮವರು ಒಂದು ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಶುರುಮಾಡುತ್ತಿದ್ದರು. "ಎಣ್ಣೆ ಹೊಗೆ ಬರೋ ತನಕ ಕಾಯ್ಸಿ ಬೆಳ್ಳುಳ್ಳಿ ಬಿಟ್ಟಿದಾನೆ ಸಾರ್. ಶುಂಠಿ ಮೊದಲು ಹೋಗ್ಬೇಕಿತ್ತು. ಸೋಯಾ ಬಾಣಲೆ ಅಂಚಿಂದ ಬಿಡ್ಬೇಕು, ನಡುಮಧ್ಯ ಸುರಿದಿದಾನೆ." ಅದರಲ್ಲಿ ಮೊದಲ ಮಾತಿನ ಬೀಜ ಮಾತ್ರ ನನ್ನದು, ಉಳಿದ ಮರವೆಲ್ಲ ಅವರದೇ. ಓನರ್ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಒಮ್ಮೆ ಮಾತ್ರ ಜೀವ ಬಾಯಿಗೆ ಬಂತು. ಮೀನಿನ ಮನೆಗೆ ಎರಡನೆಯ ಸಲ ಹೋದಾಗ ನನ್ನ ಬಟ್ಟಲು ಬರುವ ಮೊದಲೇ ಓನರ್ ತಮ್ಮ ಬಟ್ಟಲನ್ನು ನಮ್ಮವರ ಮುಂದೆ ತಳ್ಳಿದರು. ಇವರು ಉಫ್ ಎಂದು ಊದಿ ಒಂದು ಗುಟುಕು ಕುಡಿದು, "ಭೇಷ್! ಘಮ ಅಂದ್ರೆ ಇದು" ಎಂದುಬಿಟ್ಟರು. ಅಷ್ಟರಲ್ಲಿ ನನ್ನದೂ ಬಂತು. ಬಟ್ಟಲು ಮೂಗಿನ ಹತ್ತಿರ ತಂದರೆ, ಅಯ್ಯೋ ಶಿವನೇ, ಮೀನು ಹಳಸಿದೆ.

"ರೀ, ಮೀನು ಕೆಟ್ಟಿದೆ" ಎಂದೆ. ಬಾಯಿ ತಡೆಯಲಾಗಲಿಲ್ಲ. ಓನರ್ ನಮ್ಮವರನ್ನೇ ನೋಡುತ್ತಿದ್ದರು.

ನಮ್ಮವರು ಮೆಲ್ಲಗೆ ಚಮಚ ಕೆಳಗಿಟ್ಟು ನಕ್ಕರು. "ನಿಮ್ಮನ್ನೇ ಪರೀಕ್ಷೆ ಮಾಡ್ದೆ ಸಾರ್. ಓನರ್ ಆಗೋರು ಮಾಸ್ಟರ್ ಹೇಳಿದ್ದಕ್ಕೆಲ್ಲ ಗೋಣು ಆಡಿಸ್ಬಾರ್ದು."

ಓನರ್ ಮೇಜು ಬಡಿದು ನಕ್ಕರು. "ಕಿಲಾಡಿ ಮಾಸ್ಟ್ರೇ ನೀವು!" ಆವತ್ತಿನಿಂದ ಅವರಿಗೆ ನಮ್ಮವರ ಮೇಲೆ ಇನ್ನೂ ನಂಬಿಕೆ ಬೆಳೆಯಿತು. ನನಗೆ ಮಾತ್ರ ಹೆದರಿಕೆ ಬೆಳೆಯಿತು. ಮನೆಗೆ ಬಂದ ಮೇಲೆ ಕೈ ಹಿಡಿದು ಬೇಡಿಕೊಂಡೆ. "ಹೇಳಿಬಿಡಿ ರೀ. ಒಳ್ಳೆಯವರು. ಏನೋ ಒಂದು ದಾರಿ ಮಾಡ್ತಾರೆ."

"ಹೋಟೆಲ್ ಶುರುವಾಗ್ಲಿ. ಒಂದು ಸಲ ಹೆಸರು ನಿಂತ್ರೆ ಕೈಕೆಳಗಿನೋರಿಗೆ ಕಲಿಸಿ ನಡೆಸ್ಕೋತೀನಿ. ಅಷ್ಟರೊಳಗೆ ಮೂಗೂ ಬರ್ಬೋದು."

"ಬರದಿದ್ರೆ?"

"ನೀನು ಬುತ್ತಿ ತರ್ತೀಯಲ್ಲ" ಎಂದರು.

ಹೌದು, ಬುತ್ತಿ. ದಿನಾ ಮಧ್ಯಾಹ್ನ ನಾನು ಬುತ್ತಿಯ ನೆಪದಲ್ಲಿ ಹೋಟೆಲಿಗೆ ಹೋಗಬೇಕು, ಸಾಸುಗಳನ್ನೂ ಎಣ್ಣೆಯನ್ನೂ ಮೂಸಿ ನೋಡಿ ಬರಬೇಕು ಎಂದು ಆಗಿತ್ತು. ಊರಿಗೆಲ್ಲ ಅಡುಗೆ ಮಾಡಿ ಹಾಕುವವನಿಗೆ ಮನೆಯಿಂದ ಬುತ್ತಿ! ಕೇಳಿದವರು ನಗುವುದಿಲ್ಲವೇ? ನಕ್ಕರು. "ಮಾಸ್ಟ್ರಿಗೆ ತಮ್ಮ ಕೈ ಅಡುಗೆ ಮೇಲೇ ನಂಬಿಕೆ ಇಲ್ಲ" ಎಂದು ತರಕಾರಿ ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಹೊಸ ಅಡುಗೆಮನೆಗೆ ಎಲ್ಲರಿಗಿಂತ ಮೊದಲು ಸೇರಿದವಳು ಅವಳು. ತರಕಾರಿ ಹೆಚ್ಚುವ ಕೆಲಸ. ಕೋಸನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚುತ್ತಿದ್ದಳು, ನೂಡಲ್ಸಿಗೆ ಹಾಗೇ ಬೇಕು. ಗಂಡ ಇಲ್ಲ, ಮಲಗಿದಲ್ಲೇ ಇರುವ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ.

ಹೋಟೆಲು ತೆರೆಯುವ ಮೊದಲು ಒಂದು ದಿನ ಅಡುಗೆ ಮಾಡಿ ನೋಡುವುದೆಂದು ಗೊತ್ತಾಗಿತ್ತು. ಹಿಂದಿನ ದಿನವಷ್ಟೇ ಚೈನೀಸ್ ಒಲೆಗಳನ್ನು ಜೋಡಿಸಿ, ಹೊರಗಿನ ಸಿಲಿಂಡರುಗಳಿಂದ ಪೈಪು ಎಳೆದು ಹೋಗಿದ್ದರು. ಹೊಗೆ ಎಳೆಯುವ ಫ್ಯಾನಿಗೆ ಇನ್ನೂ ವೈರು ಬಂದಿರಲಿಲ್ಲ. ನಾನು ಬುತ್ತಿ ಹಿಡಿದು ಹಿಂದಿನ ಓಣಿಯಿಂದ ಹೋದೆ. ಕಸದ ಡ್ರಮ್ಮಿನ ಮುಂದೆ ತರಕಾರಿ ಅಕ್ಕ ನಿಂತಿದ್ದಳು. ಬುಟ್ಟಿ ತುಂಬ ಹೆಚ್ಚಿದ ಕೋಸನ್ನು ಡ್ರಮ್ಮಿಗೆ ಸುರಿಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಏನಮ್ಮಾ, ಯಾಕೆ ಚೆಲ್ತಿದೀಯ?"

"ಏನೋ ನಾತ ಬರ್ತಿದೆ ಮಾಸ್ಟ್ರೇ ಅಂದೆ ಅಕ್ಕಾ, ಅಷ್ಟೇ. ಕೋಸನ್ನ ಮೂಗಿನ ಹತ್ರ ಹಿಡಿದು ನೋಡಿ, ಇದೇ ನಾರ್ತಿರೋದು, ನಿನ್ನೇದು ತಂದಿಟ್ಟಿದೀಯ, ಚೆಲ್ಲು ಅಂತ ಬೈದ್ರು. ಬೆಳಿಗ್ಗೆ ಬಂದದ್ದು ಅಕ್ಕಾ. ನೀವೇ ನೋಡಿ ಎಷ್ಟು ಬೆಳ್ಳಗಿದೆ."

ಒಂದು ಹಿಡಿ ತೆಗೆದು ಮೂಸಿದೆ. ಹಸಿ ಹಸಿ, ಸಿಹಿ ಸಿಹಿ, ಆಗಷ್ಟೇ ಹೆಚ್ಚಿದ ಕೋಸು. ಅಷ್ಟರಲ್ಲಿ ಅಡುಗೆಮನೆಯ ಜಾಲರಿ ಬಾಗಿಲಿಂದ ಗಾಳಿ ಬೀಸಿತು. ಕೋಸು ಕೊಳೆತರೆ ಬರುವಂಥದೇ ವಾಸನೆ. ಕೋಸಲ್ಲ. ಗ್ಯಾಸು.

ಜಾಲರಿಯಾಚೆ ನಮ್ಮವರು ಏಪ್ರನ್ ಕಟ್ಟಿಕೊಂಡು ದೊಡ್ಡ ಒಲೆಯ ಮುಂದೆ ಬಾಗಿದ್ದರು. ಕೈಯಲ್ಲಿ ಉದ್ದ ಕತ್ತಿನ ಲೈಟರ್. ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದರು, ಎಷ್ಟೋ ತಿಂಗಳ ಮೇಲೆ.

"ರೀ! ಹಚ್ಚಬೇಡಿ!" ಎಂದು ಕಿರುಚಿಕೊಂಡೆ. ಬುತ್ತಿ ಎಲ್ಲಿ ಬಿತ್ತೋ ನೋಡಲಿಲ್ಲ. ಬಾಗಿಲು ತಳ್ಳಿ ನುಗ್ಗಿ ಎರಡೂ ಕೈಯಲ್ಲಿ ಅವರ ಮಣಿಕಟ್ಟು ಹಿಡಿದುಕೊಂಡೆ. "ಗ್ಯಾಸು! ಗ್ಯಾಸು ತುಂಬಿದೆ! ಬಿಡಿ ಅದನ್ನ, ಬಿಡಿ!"

ತರಕಾರಿ ಅಕ್ಕ ಹೊರಗೆ ಸಿಲಿಂಡರಿನ ಪಂಜರದ ಹತ್ತಿರ ಓಡಿ ವಾಲ್ವು ಮುಚ್ಚಿದಳು. ನಾನು ಲೈಟರನ್ನು ಅವರ ಬೆರಳುಗಳಿಂದ ಬಿಡಿಸಿ ಹೆಗಲಿಗಿದ್ದ ನನ್ನ ಚೀಲಕ್ಕೆ ತುರುಕಿ, ಅವರನ್ನು ಎಳೆದುಕೊಂಡು ಊಟದ ಹಾಲಿಗೆ ಬಂದೆ. ಬಾಗಿಲು ದಾಟುವಾಗ ಅವರು ನನ್ನ ಕಿವಿಯ ಹತ್ತಿರ ಹೇಳಿದ್ದು ಒಂದೇ ಮಾತು. "ಹೇಳ್ಬೇಡ."

ಹಾಲಿನಲ್ಲಿ ಪೇಂಟರು ಏಣಿಯ ಮೇಲಿದ್ದ, ಕೆಳಗೆ ನಿಂತು ಬಣ್ಣ ನೋಡುತ್ತಿದ್ದ ಓನರ್ ನನ್ನ ಕಿರುಚಾಟ ಕೇಳಿ ಆಗಲೇ ಇತ್ತ ಓಡಿಬರುತ್ತಿದ್ದರು. ವಿಷಯ ಕೇಳಿ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಮಾಸ್ಟ್ರೇ, ನಿಮಗೆ ಗೊತ್ತಾಗ್ಲಿಲ್ವಾ? ನಿಮಗೇ?"

ನಮ್ಮವರು ಏಪ್ರನ್ನಿಗೆ ಕೈ ಒರೆಸಿಕೊಂಡರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಹೇಗೆ ಗೊತ್ತಾಗತ್ತೆ ಸಾರ್? ಈಯಮ್ಮ ಕೊಳೆತ ಕೋಸು ತಂದು ಗುಡ್ಡೆ ಹಾಕಿದ್ಲು. ಎರಡರ ನಾತವೂ ಒಂದೇ. ಅದರಲ್ಲಿ ಗ್ಯಾಸು ಮುಚ್ಚಿಹೋಯ್ತು."

ಅಷ್ಟು ಹೊತ್ತಿಗೆ ತರಕಾರಿ ಅಕ್ಕ ಒಳಗೆ ಬಂದಿದ್ದಳು. ಅವಳು ನಮ್ಮವರನ್ನು ಬೈಯಲಿಲ್ಲ, ಅಳಲಿಲ್ಲ. "ನಾನು ಮೊದ್ಲೇ ಹೇಳ್ದೆನಲ್ಲ ಮಾಸ್ಟ್ರೇ" ಎಂದಳು, ಅಷ್ಟೇ.

ಓನರಿಗೆ ಅಲ್ಲಿ ಯಾರ ಮಾತು ದೊಡ್ಡದು? ಒಂದು ತುತ್ತಿನಲ್ಲಿ ಶುಂಠಿ ಮೊದಲೋ ಬೆಳ್ಳುಳ್ಳಿ ಮೊದಲೋ ಎಂದು ಹೇಳುವ ಮನುಷ್ಯನ ಮೂಗು ಸುಳ್ಳಾಡುತ್ತದೆಯೇ? "ಎಲ್ಲರೂ ಸುಟ್ಟುಹೋಗ್ತಿದ್ವಲ್ಲಮ್ಮಾ! ನಾಳೆಯಿಂದ ಬರೋದು ಬೇಡ ನೀನು" ಎಂದರು. ಅವಳು ತನ್ನ ಚೀಲ ತರಲು ಅಡುಗೆಮನೆಯ ಕಡೆ ತಿರುಗಿದಳು.

ಹೇಳಬೇಡ ಎಂದಿದ್ದರು. ನನ್ನ ಗಂಡ. ಇಷ್ಟು ತಿಂಗಳಿಂದ ನಾನು ಅವರಿಗಾಗಿ ಮೂಸಿದ್ದೆ, ಗೊಣಗಿದ್ದೆ, ಕಂಡವರ ಕಣ್ಣಿಗೆ ಮಣ್ಣೆರಚಿದ್ದೆ. ಅದಕ್ಕೆ ಬೇಸರವಿಲ್ಲ. ಆದರೆ ಆ ಹೆಂಗಸಿನ ಬೆನ್ನು ನೋಡಿದಾಗ ನನಗೆ ಎಂಥ ಕೋಪ ಬಂತೆಂದರೆ, ಅವರ ಮೇಲೆಯೇ ಬಂತು.

"ಸಾರ್, ಕೋಸು ಚೆನ್ನಾಗಿತ್ತು" ಎಂದೆ. "ಇವರಿಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ. ಊರೆಲ್ಲ ಸುತ್ತಿ ಮೂಸಿದ್ದು ನಾನು."

ನಮ್ಮವರು ತಲೆ ಎತ್ತಲಿಲ್ಲ. ಓನರ್ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅಕ್ಕಾವ್ರೇ, ಗಂಡ ಹೆಂಡ್ತಿ ಜಗಳ ಮನೇಲಿ ಇಟ್ಕೊಳ್ಳಿ."

"ಜಗಳ ಅಲ್ಲ ಸಾರ್. ಬೇಕಾದ್ರೆ ನೋಡಿ."

ಮೂಲೆಯಲ್ಲಿ ಇನ್ನೂ ಬಿಚ್ಚದ ಸಾಮಾನಿನ ಡಬ್ಬಗಳಿದ್ದವು. ಓನರ್ ಬೇಸರದಿಂದಲೇ ಹೋಗಿ, ನಮಗೆ ಬೆನ್ನು ಮಾಡಿ, ಎರಡು ಕಾಗದದ ಲೋಟಕ್ಕೆ ಎರಡು ಎಣ್ಣೆ ಸುರಿದು ತಂದರು. ಒಂದು ಎಳ್ಳೆಣ್ಣೆ, ಒಂದು ಮಾಮೂಲಿ ಎಣ್ಣೆ. ಬಣ್ಣ ಒಂದೇ. ನಿಂತಲ್ಲಿಂದಲೇ ನನಗೆ ಎಳ್ಳಿನ ಘಮ ತಿಳಿಯುತ್ತಿತ್ತು. "ಯಾವುದು ಎಳ್ಳೆಣ್ಣೆ ಮಾಸ್ಟ್ರೇ? ಹೇಳಿ, ಅಕ್ಕಾವ್ರ ಬಾಯಿ ಮುಚ್ಚಿಸಿ."

ನಮ್ಮವರು ಒಂದನ್ನು ಮೂಸಿದರು. ಇನ್ನೊಂದನ್ನು ಮೂಸಿದರು. ಅಭ್ಯಾಸಬಲದಿಂದ ಕಣ್ಣು ನನ್ನ ಕಡೆ ಹೊರಳಿತು. ನಾನು ನೆಲ ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಇದು" ಎಂದು ಎಡಗಡೆಯ ಲೋಟ ಮುಂದೆ ತಳ್ಳಿದರು.

ಸರಿಯಾಗಿತ್ತು. ಕುರುಡು ಏಟು ಬಿದ್ದಿತ್ತು.

"ನೋಡಿದ್ರಾ!" ಎಂದು ಓನರ್ ನಿಟ್ಟುಸಿರು ಬಿಟ್ಟರು. "ಏನಕ್ಕಾವ್ರೇ ಇದು, ಇಂಥಾ ಹೊತ್ತಲ್ಲಿ ಗಂಡನ ಹೊಟ್ಟೆ ಮೇಲೆ ಹೊಡೀತೀರಾ?" ಏಣಿಯ ಮೇಲಿನ ಪೇಂಟರು ಕೂಡ ನನ್ನನ್ನು ಹುಳ ನೋಡಿದಂತೆ ನೋಡಿದ. ಹೇಳಿ ಗಂಡನನ್ನೂ ಕಳೆದುಕೊಂಡೆ, ಆ ಹೆಂಗಸಿಗೂ ಪ್ರಯೋಜನವಾಗಲಿಲ್ಲ ಎಂದು ಅಳು ಬಂತು. ನಮ್ಮವರು ಲೋಟವನ್ನೇ ನೋಡುತ್ತಾ ನಿಂತಿದ್ದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಅಡುಗೆಮನೆಯ ಬಾಗಿಲು ಮತ್ತೆ ತೆರೆಯಿತು. ತರಕಾರಿ ಅಕ್ಕ ಹೆಗಲಿಗೆ ಚೀಲ ಹಾಕಿಕೊಂಡು ಬಂದಿದ್ದಳು. ಅವಳ ಹಿಂದೆಯೇ ಆ ನಾತ ಹಾಲಿಗೆ ನುಗ್ಗಿತು. ಓನರ್ ಕರ್ಚೀಫು ಮೂಗಿಗೆ ಒತ್ತಿಕೊಂಡರು, ಪೇಂಟರು ಕೆಮ್ಮಿದ, ನಾನು ಸೆರಗು ಮುಚ್ಚಿಕೊಂಡೆ.

ಅವಳು ನೇರವಾಗಿ ನಮ್ಮವರ ಮುಂದೆ ಬಂದು ನಿಂತಳು. ತನ್ನ ಕೆಲಸ ಕಿತ್ತುಕೊಂಡವರ ಮುಂದೆ. "ವಾಲ್ವ್ ಮುಚ್ಚಿದೀನಿ ಮಾಸ್ಟ್ರೇ. ಕಿಟಕಿ ಎಲ್ಲಾ ತೆಗೆದಿದೀನಿ. ಆದ್ರೂ ಈಗ್ಲೇ ಒಲೆ ಹತ್ರ ಹೋಗ್ಬೇಡಿ. ನಿಮ್ಗೇ ಏನಾದ್ರೂ ಆದೀತು."

ಹೇಳಿ ಹೊರಟಳು. ನಮ್ಮವರು ಅವಳನ್ನು ನೋಡಿದರು, ಬಾಗಿಲನ್ನು ನೋಡಿದರು. ಸುತ್ತಲೂ ಎಲ್ಲರೂ ಮೂಗು ಮುಚ್ಚಿಕೊಂಡಿರುವುದನ್ನು ನೋಡಿದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಭಯ ಕಂಡೆ.

"ತಾಯೀ" ಎಂದು ಕರೆದರು. "ಈಗ್ಲೂ... ಇನ್ನೂ ಬರ್ತಿದೆಯಾ?"

ಅವಳು ನಿಂತಳು. ಓನರ್ ಕರ್ಚೀಫನ್ನು ಮೆಲ್ಲಗೆ ಕೆಳಗಿಳಿಸಿದರು.

ನಮ್ಮವರು ಏಪ್ರನ್ನಿನ ಗಂಟು ಬಿಚ್ಚತೊಡಗಿದರು. ಗಂಟು ಬಿಚ್ಚಲಿಲ್ಲ, ತಲೆಯ ಮೇಲಿಂದ ಹಾಗೇ ಎಳೆದು ತೆಗೆದರು. "ನನ್ನ ಹೆಂಡ್ತಿ ಹೇಳಿದ್ದೇ ನಿಜ ಸಾರ್. ಕೋಸು ಚೆನ್ನಾಗಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಈಯಮ್ಮನ್ನ ಕಳಿಸ್ಬೇಡಿ. ಈ ಅಡುಗೆಮನೆಗೆ ಬೇಕಾಗಿರೋರು ಇವರು" ಎಂದರು.

ಓನರ್ ಕರ್ಚೀಫನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, "ಅಷ್ಟು ಭಾನುವಾರ ನನ್ನ ಜೊತೆ ಕೂತು ಉಂಡ್ರಲ್ಲ ಮಾಸ್ಟ್ರೇ" ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತರಕಾರಿ ಅಕ್ಕನಿಗೆ, "ಒಳಗೆ ಚೀಲ ಇಡಮ್ಮ" ಎಂದು ಹೇಳಿ, ನಮ್ಮ ಕಡೆ ತಿರುಗದೆ ಹೊರಗೆ ಹೋದರು. ನಮ್ಮನ್ನು ಯಾರೂ ಹೋಗಿ ಎನ್ನಲಿಲ್ಲ. ನಾವೇ ಹೊರಟೆವು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಅವರು ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ನಮ್ಮ ಬಸ್ಸು ಬಂತು, ಹೋಯಿತು. ಏಳೋಣ ಎನ್ನುವ ಧೈರ್ಯ ನನಗಾಗಲಿಲ್ಲ. ಇನ್ನು ನನ್ನ ಜೊತೆ ಮಾತೇ ಆಡುವುದಿಲ್ಲವೇನೋ ಎಂದುಕೊಂಡೆ.

"ತುಂಬಾ ಇತ್ತಾ?" ಎಂದು ಕೇಳಿದರು, ಕೊನೆಗೆ.

"ಓಣಿ ತನಕ ಬರ್ತಿತ್ತು."

"ನಾನು ಲೈಟರ್ ಒತ್ತಿದ್ದಿದ್ರೆ?"

ನಾನು ಚೀಲದಿಂದ ಲೈಟರ್ ತೆಗೆದು ಇಬ್ಬರ ನಡುವೆ ಬೆಂಚಿನ ಮೇಲಿಟ್ಟೆ.

"ನಿನಗೆ ಬಾಗಿಲಲ್ಲೇ ಗೊತ್ತಾಯ್ತಲ್ಲ" ಎಂದರು. "ಮತ್ತೆ ಒಳಗೆ ಯಾಕೆ ಬಂದೆ? ದೂರ ಓಡೋದಲ್ವಾ? ಅಷ್ಟೂ ಬುದ್ಧಿ ಬೇಡ್ವಾ ನಿನಗೆ?"

ಅಷ್ಟು ಹೊತ್ತೂ ತಡೆದುಕೊಂಡಿದ್ದ ಕೋಪ, ಅಳು ಎರಡೂ ಒಟ್ಟಿಗೇ ಬಂದವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

"ನಿಮ್ಮ ತಲೆ! ನೀವು ಒಳಗಿದ್ರಲ್ಲ."